ದೊಡ್ಡ ಬಕ್ (ಗಂಡು ಜಿಂಕೆ) ಬೇಟೆಗೆ ಎಲ್ಲಿ ಕೂರೋದು, ಅದು ಮಲಗೋ ಜಾಗದ ಹತ್ರಾನಾ ಹೊಲದ ಅಂಚಲ್ಲಾ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಗುಡ್ಡಗಳಲ್ಲಿ ಬಿಲ್ಲು ಹಿಡಿದು ವೈಟ್‌ಟೇಲ್ (ಬಿಳಿಬಾಲದ ಜಿಂಕೆ) ಬೇಟೆಗೆ ಹೋಗೋರು ನೋಡಿ, ಸೋಯಾ ಹೊಲದ ಅಂಚಲ್ಲಿ ಸ್ಟ್ಯಾಂಡ್ (ಕಾದು ಕೂರೋ ಅಟ್ಟಣೆ) ಹಾಕಿದ್ರೆ ಹೋಗಿಬರೋದು ಸುಲಭ, ಹೆಣ್ಣು ಜಿಂಕೆ, ಎಳೆ ಬಕ್ ಎಲ್ಲಾ ಬೆಳಕಲ್ಲೇ ಕಾಣ್ತವೆ, ಆದ್ರೆ 4-5 ವರ್ಷದ ಬಕ್ ಅಲ್ಲಿಗೆ ಬರೋಷ್ಟರಲ್ಲಿ ಸಾಮಾನ್ಯವಾಗಿ ಕತ್ತಲಾಗಿರುತ್ತೆ. ಮಲಗೋ ಜಾಗದ ಹತ್ರ ಆದ್ರೆ ಅದು ಎದ್ದು ಮೈಮುರಿದು ನಾಲ್ಕು ಹೆಜ್ಜೆ ಇಡೋವಾಗ ಇನ್ನೂ ಬೆಳಕಿರೋ ಚಾನ್ಸ್ ಜಾಸ್ತಿ.

ಕಷ್ಟ ಏನಂದ್ರೆ ಅದು ಗುಡ್ಡದ ಗಾಳಿಮರೆ ಬದೀಲಿ, ತುದಿಗಿಂತ ಸ್ವಲ್ಪ ಕೆಳಗೆ, ಬೆನ್ನಿಗೆ ಗಾಳಿ ಮಾಡ್ಕೊಂಡು ಕಣಿವೆ ಕಡೆ ನೋಡ್ತಾ ಮಲಗಿರುತ್ತೆ, ಹಿಂದಿನ ವಾಸನೆ ಗಾಳಿ ತರುತ್ತೆ, ಕೆಳಗಿಂದು ಬಿಸಿಲಿಗೆ ಮೇಲೇಳೋ ಗಾಳಿ ತರುತ್ತೆ. ಒಂದ್ಸಲ ನಿಮ್ಮ ವಾಸನೆ ಹತ್ತಿದ್ರೆ ಆ ಜಾಗ ಕೆಟ್ಟಂಗೇ.

ಹೊಸಬರಿಗೆ ಹೊಲದ ಅಂಚೇ ಸರಿ. ಗಾಳಿ ಓದೋಕೆ ಬರುತ್ತೆ ಅನ್ನೋರು ಅಕ್ಟೋಬರ್‌ನಲ್ಲಿ ಗಾಳಿ ಪಕ್ಕಾ ಇರೋ ಸಂಜೆ ಮಾತ್ರ ಮಲಗೋ ಜಾಗ ಟ್ರೈ ಮಾಡಿ, ನಾನಂತೂ ಅದನ್ನೇ ಆರಿಸ್ಕೋತೀನಿ.