ರೈಟ್ ಲೇನಲ್ಲಿ 60ರ ಮಹಾಶಯರು ಮತ್ತು ನನ್ನ ಕಾರಿನ ಅಡಾಪ್ಟಿವ್ ಕ್ರೂಸ್

ಮೊದ್ಲೇ ಹೇಳ್ಬಿಡ್ತೀನಿ, ಇದು ಇಡೀ ಕಾರಿನ ರಿವ್ಯೂ ಅಲ್ಲ. ಮೈಲೇಜು, ಬೂಟ್ ಸ್ಪೇಸು, ಸನ್‌ರೂಫು ಎಲ್ಲಾ ಬೇರೆಯವ್ರು ಬೇಕಾದಷ್ಟು ಹೇಳಿದಾರೆ. ನಂದು ಬರೀ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ (ಮುಂದಿನ ಗಾಡಿ ನೋಡ್ಕೊಂಡು ಸ್ಪೀಡ್ ತಾನೇ ಹೆಚ್ಚು ಕಮ್ಮಿ ಮಾಡೋ ಫೀಚರ್) ಬಗ್ಗೆ, ಅದೂ ಒಂದೇ ಪ್ರಶ್ನೆ: ರೈಟ್ ಲೇನಲ್ಲಿ 60ರ ಸ್ಪೀಡಲ್ಲಿ ಆರಾಮಾಗಿ ಹೋಗ್ತಾ, ಹಾರ್ನ್ ಹೊಡೆದ್ರೂ ಡಿಪ್ಪರ್ ಹೊಡೆದ್ರೂ ಸೈಡ್ ಕೊಡದೇ ಇರೋ ಪುಣ್ಯಾತ್ಮರ ಹಿಂದೆ ಸಿಕ್ಕಾಕೊಂಡಾಗ ಇದು ಉಪಯೋಗಕ್ಕೆ ಬರತ್ತಾ ಇಲ್ವಾ. ನಮ್ಮೂರು ಮೈಸೂರು, ಕೆಲಸದ ಮೇಲೆ ಬೆಂಗಳೂರಿಗೆ ಓಡಾಡ್ತಾನೇ ಇರ್ತೀನಿ, ಸ್ಟೀರಿಂಗ್ ನನ್ ಕೈಲೇ, ನಮ್ಮನೆಯವ್ರು ಪಕ್ಕದ ಸೀಟಲ್ಲಿ ಕೂತು ಇಲ್ದೇ ಇರೋ ಬ್ರೇಕ್ ತುಳಿಯೋ ಡಿಪಾರ್ಟ್‌ಮೆಂಟು.

2021ರಲ್ಲಿ ಎಂಜಿ ಆಸ್ಟರ್, ಮಹೀಂದ್ರ ಎಕ್ಸ್‌ಯುವಿ700 ಬಂದ್ಮೇಲೆ ಈ ಫೀಚರ್ ನಮ್ಮಂಥೋರ ಬಜೆಟ್ ಹತ್ರಕ್ಕೆ ಬಂತು, ಈಗ ಸುಮಾರು ಗಾಡಿಗಳ ಟಾಪ್ ಎಂಡಲ್ಲಿ ಸಿಗತ್ತೆ. ನಂದು ಯಾವ ಕಂಪ್ನಿದು ಅಂತ ಬೇಕಂತ್ಲೇ ಹೇಳ್ತಿಲ್ಲ, ಮೂಲ ಕೆಲಸ ಎಲ್ಲಾದ್ರಲ್ಲೂ ಒಂದೇ. ಸಾಮಾನ್ಯವಾಗಿ ಮುಂದಿನ ಬಂಪರ್ ಕಡೆ ಒಂದು ರೇಡಾರ್ ಇರತ್ತೆ, ಒಳಗಡೆ ಮಿರರ್ ಹಿಂದೆ ಗ್ಲಾಸಿಗೆ ಅಂಟಿಕೊಂಡು ಕ್ಯಾಮೆರಾ, ನೀವು 95 ಅಂತ ಸೆಟ್ ಮಾಡಿದ್ರೆ ರೋಡ್ ಖಾಲಿ ಇದ್ದಾಗ 95ರಲ್ಲಿ ಹೋಗತ್ತೆ, ಮುಂದೆ ನಿಧಾನದ ಗಾಡಿ ಸಿಕ್ರೆ ತಾನೇ ಆಕ್ಸಿಲರೇಟರ್ ಬಿಟ್ಟು, ಬೇಕಾದ್ರೆ ಬ್ರೇಕೂ ಹಾಕಿ, ಅದ್ರ ಸ್ಪೀಡಿಗೇ ಬಂದು ಗ್ಯಾಪ್ ಬಿಟ್ಕೊಂಡು ಹಿಂದೆ ಹೋಗತ್ತೆ. ಎಷ್ಟು ಗ್ಯಾಪ್ ಅನ್ನೋದಕ್ಕೆ ಸ್ಟೀರಿಂಗ್ ಮೇಲೆ ಬಟನ್ ಇದೆ. ಹಳೇ ಮಾಮೂಲಿ ಕ್ರೂಸಿಗೆ ಈ ಬುದ್ಧಿ ಇಲ್ಲ, ಮುಂದೆ ಲಾರಿ ಇರ್ಲಿ ಎಮ್ಮೆ ಇರ್ಲಿ ಬ್ರೇಕ್ ನೀವೇ ತುಳೀಬೇಕು.

ಈಗ ಮೈಸೂರು ರೋಡಿಗೆ, ಅಂದ್ರೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬರೋಣ. 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು, ಮೇನ್ ರೋಡಲ್ಲಿ ಒಂದೊಂದು ಕಡೆಗೂ ಮೂರು ಲೇನು, ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಎಲ್ಲಾ ಸರ್ವೀಸ್ ರೋಡಿಗೆ ಅಂತ ರೂಲ್ ಬಂತು, ಕಾರಿಗೆ ಲಿಮಿಟ್ 100, ಕ್ಯಾಮೆರಾನೂ ಇದೆ. ಕೇಳಿದ್ರೆ ಕ್ರೂಸಿಗೆ ಅಂತಾನೇ ಮಾಡಿದ ರೋಡು ಅನ್ಸತ್ತೆ ಅಲ್ವಾ? ಬಿಡದಿ ದಾಟೋದ್ರೊಳಗೆ ಗೊತ್ತಾಗತ್ತೆ ಪರಿಸ್ಥಿತಿ. 60ರ ಲಾರಿನ ಓವರ್‌ಟೇಕ್ ಮಾಡಕ್ಕೆ ಅಂತ 65ರ ಲಾರಿ ರೈಟಿಗೆ ಬಂದಿರತ್ತೆ, ಗಂಟೆಗೆ ಬರೀ 5 ಕಿಲೋಮೀಟರ್ ವ್ಯತ್ಯಾಸದಲ್ಲಿ ಪೂರ್ತಿ ದಾಟ್ಕೊಂಡು ಹೋಗಕ್ಕೆ ಅರ್ಧ ನಿಮಿಷದ ಮೇಲೇ ಬೇಕು, ಅಷ್ಟರಲ್ಲಿ ಹಿಂದೆ ಹತ್ತು ಕಾರು ಡಿಪ್ಪರ್ ಹೊಡ್ಕೊಂಡು ನಿಂತಿರ್ತಾರೆ. ದಾಟಿದ್ಮೇಲಾದ್ರೂ ಎಡಕ್ಕೆ ಹೋಗ್ತಾರಾ ಅಂದ್ರೆ ಇಲ್ಲ. ಒಂದ್ಸಲ ಊಟಕ್ಕೆ ನಿಲ್ಸಿದ್ದಾಗ ಒಬ್ರು ಲಾರಿ ಡ್ರೈವರಣ್ಣನ್ನ ಕೇಳೇಬಿಟ್ಟೆ, ಯಾಕಣ್ಣಾ ರೈಟಲ್ಲೇ ಹೋಗ್ತೀರಾ ಅಂತ. "ಎಡಗಡೆ ಯಾವನು ಗಾಡಿ ನಿಲ್ಸಿರ್ತಾನೋ, ಯಾವನು ರಾಂಗ್ ಸೈಡಲ್ಲಿ ಬರ್ತಾನೋ ಗೊತ್ತಾಗಲ್ಲ ಮೇಡಂ, ಲೋಡ್ ಗಾಡಿ ಟಕ್ ಅಂತ ನಿಲ್ಲಲ್ಲ" ಅಂದ್ರು. ಅವ್ರ ಮಾತು ಪೂರ್ತಿ ಸುಳ್ಳಂತೂ ಅಲ್ಲ. ಆದ್ರೆ ಖಾಲಿ ಕಾರಲ್ಲಿ ಫೋನಲ್ಲಿ ಮಾತಾಡ್ತಾ ರೈಟಲ್ಲಿ 55ರಲ್ಲಿ ಹೋಗೋರಿಗೆ ಯಾವ ಕಾರಣಾನೂ ಇಲ್ಲ ಕಣ್ರೀ.

ಇಂಥಾ ಟೈಮಲ್ಲಿ ಕ್ರೂಸು ಏನ್ ಮಾಡತ್ತೆ? ತುಂಬಾ ಮರ್ಯಾದೆಯಿಂದ ಅವ್ರ ಹಿಂದೇನೇ ಹೋಗತ್ತೆ, ಬೇಕಾದ್ರೆ ಮದ್ದೂರಿಂದ ಶ್ರೀರಂಗಪಟ್ಣದವರೆಗೂ. ಅದಕ್ಕೆ ಕೋಪ ಇಲ್ಲ, ಹಾರ್ನ್ ಹೊಡಿಯಲ್ಲ, ಓವರ್‌ಟೇಕೂ ಮಾಡಲ್ಲ, ಮಿರರ್ ನೋಡಿ ಇಂಡಿಕೇಟರ್ ಹಾಕಿ ಲೇನ್ ಬದಲಾಯ್ಸೋದು ನಮ್ಮದೇ ಕೆಲಸ. ಇದನ್ನ ಮೈನಸ್ ಅಂತ ಬರ್ಯೋಣ ಅಂತಿದ್ದೆ, ಆದ್ರೆ ನಿಜ ಹೇಳ್ಬೇಕಂದ್ರೆ ನಂಗೆ ಇಷ್ಟ ಆಗಿದ್ದೇ ಇದು. ಕಾಲಲ್ಲಿ ಓಡಿಸೋವಾಗ ಮುಂದಿನೋನು ನಿಧಾನ ಅಂದ್ರೆ ಗೊತ್ತಿಲ್ದಂಗೇ ಅವನ ಬಂಪರಿಗೆ ಹೋಗಿ ಅಂಟ್ಕೊಳ್ತೀವಿ, 100ರಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗಿರ್ತೀವಿ ಅನ್ನೋದು ತಲೇಲಿರಲ್ಲ. ಕ್ರೂಸ್ ಹಾಕಿದ್ರೆ ಗ್ಯಾಪ್ ಅದೇ ಬಿಡತ್ತೆ, ಕಾಲಿಗೆ ಕೆಲಸ ಇಲ್ಲ, ತಲೆ ಬಿಸಿ ಅರ್ಧ ಕಮ್ಮಿ. ಇನ್ನೊಂದು ಲೆಕ್ಕ ನೋಡಿ, 20 ಕಿಲೋಮೀಟರ್ ಪೂರ್ತಿ 60ರೋರ ಹಿಂದೇನೇ ಹೋದ್ರೂ 100ರಲ್ಲಿ ಹೋದೋರಿಗಿಂತ ನಾವು ಲೇಟಾಗೋದು 8 ನಿಮಿಷ, ಕೆಂಗೇರಿ ಹತ್ರ ಟ್ರಾಫಿಕಲ್ಲಿ ಅದಕ್ಕಿಂತ ಜಾಸ್ತಿ ಹೋಗತ್ತೆ. ನಮ್ಮನೆಯವ್ರೂ ಈಗ ಬ್ರೇಕ್ ತುಳಿಯೋದು ಬಿಟ್ಟು ನಿದ್ದೆ ಮಾಡ್ತಾರೆ, ಇದಕ್ಕಿಂತ ಸರ್ಟಿಫಿಕೇಟ್ ಬೇಕಾ.

ಆದ್ರೆ ಕಿರಿಕಿರೀನೂ ಇದೆ. ನಾವು ಬಿಟ್ಟಿರೋ ಗ್ಯಾಪ್ ಬೇರೆಯವ್ರಿಗೆ ಖಾಲಿ ಸೈಟ್ ಥರ ಕಾಣತ್ತೆ, ಎಡದಿಂದ ಒಬ್ಬ ನುಗ್ತಾನೆ, ಕ್ರೂಸು ಬ್ರೇಕ್ ಹಾಕಿ ಮತ್ತೆ ಗ್ಯಾಪ್ ಮಾಡತ್ತೆ, ಮತ್ತೊಬ್ಬ ನುಗ್ತಾನೆ. ಗ್ಯಾಪ್ ಕಮ್ಮಿ ಮಾಡ್ಬೋದು, ಆದ್ರೆ ನಾನು ಮಾಡಲ್ಲ. ಎರಡನೇದು, ಮುಂದಿನ ಲಾರಿ ಎಡಕ್ಕೆ ಸರಿದ ತಕ್ಷಣ ಗಾಡಿ ತಾನಾಗೇ 95ಕ್ಕೆ ಏರಕ್ಕೆ ಹೊರಡತ್ತೆ, ಟೋಲ್ ಹತ್ರ, ಎಕ್ಸಿಟ್ ಹತ್ರ ಇದು ಡೇಂಜರ್, ಅಲ್ಲಿಗೆ ಬರೋ ಮೊದ್ಲೇ ಆಫ್ ಮಾಡಿ. ರೋಡಲ್ಲಿ ಕೆಟ್ಟು ನಿಂತಿರೋ ಗಾಡಿನ ಸ್ಪೀಡಲ್ಲಿರೋವಾಗ ಹಿಡೀದೇ ಇರ್ಬೋದು ಅಂತ ಮ್ಯಾನ್ಯುಯಲ್ಲಲ್ಲೇ ಬರ್ದಿದಾರೆ, ದಯವಿಟ್ಟು ಓದ್ಕೊಳ್ಳಿ. ಜೋರು ಮಳೇಲಿ ಸೆನ್ಸರ್ ಬ್ಲಾಕ್ ಅಂತ ಮೆಸೇಜ್ ಕೊಟ್ಟು ಆಫೇ ಆಗತ್ತೆ.

ಶಿರಾಡಿ ಘಾಟಲ್ಲಿ ಟ್ರೈ ಮಾಡ್ಲೇಬೇಡಿ. ಮಂಗ್ಳೂರು ಕಡೆಯಿಂದ ಹತ್ತೋ ಗ್ಯಾಸ್ ಟ್ಯಾಂಕರ್ ಹಿಂದೆ ಸಿಕ್ಕಾಕೊಂಡಾಗ ಕ್ರೂಸ್ ಇದ್ರೆ ಚೆನ್ನಾಗಿತ್ತು ಅನ್ಸತ್ತೆ ನಿಜ, ಆದ್ರೆ ತಿರುವಲ್ಲಿ ಮುಂದಿನ ಗಾಡಿ ರೇಡಾರಿಗೆ ಕಾಣ್ದೇ ಹೋದ್ರೆ ಅದು ರೋಡ್ ಖಾಲಿ ಅನ್ಕೊಂಡು ಸ್ಪೀಡ್ ಜಾಸ್ತಿ ಮಾಡತ್ತೆ. ಅಲ್ಲಿ ಟ್ಯಾಂಕರ್ ಡ್ರೈವರ್ ದಾರಿ ಕ್ಲಿಯರ್ ಇದೆ ಅಂತ ಕೈ ಬೀಸಿದ್ರೂ ನಾವೇ ನೋಡ್ಕೊಂಡು ಹೋಗ್ಬೇಕು. ಬೆಂಗಳೂರೊಳಗೆ ಬೈಕುಗಳು ನುಗ್ಗೋ ನುಗ್ಗಾಟಕ್ಕೆ ನಾನು ಕ್ರೂಸ್ ಆನ್ ಮಾಡೋದೇ ಇಲ್ಲ.

ನಂದು 5ಕ್ಕೆ 3.5. ಬರೀ ಊರೊಳಗೆ ಓಡಾಡೋರು ಇದಕ್ಕೋಸ್ಕರ ಟಾಪ್ ಎಂಡಿಗೆ ದುಡ್ಡು ಸುರೀಬೇಡಿ. ಮುಂದಿನ ಗ್ಲಾಸ್ ಒಡೆದ್ರೆ ಬರೀ ಗ್ಲಾಸ್ ಹಾಕಿದ್ರೆ ಸಾಲಲ್ಲ, ಕ್ಯಾಮೆರಾ ಕ್ಯಾಲಿಬ್ರೇಷನ್ನೂ (ಮತ್ತೆ ಸರಿಯಾಗಿ ಹೊಂದಿಸೋದು) ಮಾಡಿಸ್ಬೇಕು, ಅದನ್ನೂ ಕೇಳ್ಕೊಂಡಿರಿ. ಹೈವೇಲಿ ಜಾಸ್ತಿ ಓಡಾಡೋರಾದ್ರೆ ತಗೊಳ್ಳಿ, ಆದ್ರೆ ಶೋರೂಮಿನೋರು ಎರಡು ಸಿಗ್ನಲ್ ಸುತ್ತಿಸಿ ಟೆಸ್ಟ್ ಡ್ರೈವ್ ಮುಗೀತು ಅಂದ್ರೆ ಒಪ್ಬೇಡಿ, ಹೈವೇಗೆ ಕರ್ಕೊಂಡು ಹೋಗಿ ಅಂತ ಹಠ ಹಿಡಿದು ಯಾವ್ದಾದ್ರೂ ನಿಧಾನದ ಲಾರಿ ಹಿಂದೆ ಹಾಕಿ ನೋಡಿ, ಬ್ರೇಕ್ ಮೆತ್ತಗೆ ಹಾಕತ್ತಾ ಇಲ್ಲಾ ಕುಕ್ಕತ್ತಾ ಅನ್ನೋದು ಆಗ್ಲೇ ಗೊತ್ತಾಗೋದು.