ಬುದ್ಧಿಹಲ್ಲಿನ ವಸಡೂತ: ದಂತ ಕಾಲೇಜಿನ ಹೊರರೋಗಿ ವಿಭಾಗದ ಚಿಕಿತ್ಸೆ

ಕೆಳದವಡೆಯ ಕೊನೆಯ ಹಲ್ಲಿನ ಸುತ್ತ ವಸಡು ಊದಿ, ಬಾಯಿಯೊಳಗೆ ಎರಡು ಬೆರಳೂ ಹೋಗದಂತಾಗಿದ್ದ 22 ವರ್ಷದ ಮಗಳನ್ನು ನಮ್ಮ ಜಿಲ್ಲಾ ಕೇಂದ್ರದ ದಂತ ವೈದ್ಯಕೀಯ ಕಾಲೇಜಿಗೆ ಕರೆದೊಯ್ದಿದ್ದೆ. ಅದಕ್ಕೆ ಮೊದಲು ಎರಡು ಸಲ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಗಳಿಂದ ಊತ ಇಳಿದಿತ್ತಾದರೂ ತಿಂಗಳೊಳಗೆ ಮರಳಿತ್ತು.

ಹೀಗೇಕೆ ಮರಳುತ್ತದೆ ಎಂಬುದನ್ನು ಅಲ್ಲಿನ ಯುವ ವೈದ್ಯೆ ಮಗಳ ಕೈಗೇ ಕನ್ನಡಿ ಕೊಟ್ಟು ತೋರಿಸಿದರು. ಬುದ್ಧಿಹಲ್ಲು ಅರ್ಧವಷ್ಟೇ ಹೊರಬಂದು ನಿಂತಿದ್ದರಿಂದ ಅದರ ಮೇಲೆ ವಸಡಿನ ಪದರವೊಂದು ಮುಚ್ಚಳದಂತೆ ಉಳಿದಿತ್ತು. ಬ್ರಷ್ ತಲುಪದ ಆ ಸಂದಿಯಲ್ಲಿ ಅನ್ನದ ಅಗುಳು ಸೇರಿ ಕೊಳೆತು ಕೀವಾಗುತ್ತಿತ್ತು, ಊದಿದ ವಸಡನ್ನು ಮೇಲಿನ ಹಲ್ಲು ಪ್ರತಿ ತುತ್ತಿಗೂ ಕಚ್ಚಿ ಗಾಯವನ್ನು ಹೆಚ್ಚಿಸುತ್ತಿತ್ತು. ಇದಕ್ಕೆ ಪೆರಿಕೊರೊನೈಟಿಸ್ ಎನ್ನುತ್ತಾರೆ. ಮಾತ್ರೆ ಸೋಂಕನ್ನು ತಗ್ಗಿಸಬಲ್ಲದೇ ಹೊರತು ಸಂದಿಯನ್ನು ಶುಚಿ ಮಾಡಲಾರದು ಎಂಬ ಸರಳ ಸಂಗತಿ ನಮಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮೊದಲ ದಿನ ಹಲ್ಲು ಕೀಳಲಿಲ್ಲ. ಮೊಂಡು ಸೂಜಿಯ ಸಿರಿಂಜನ್ನು ವಸಡಿನ ಪದರದಡಿ ತೂರಿಸಿ, ಸಲೈನ್ ಹಾಯಿಸಿ, ಹೊರಬರುವ ನೀರು ತಿಳಿಯಾಗುವವರೆಗೂ ತಾಳ್ಮೆಯಿಂದ ತೊಳೆದರು. ಈ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ್ದು ಇದನ್ನೇ. ನೋವು ಅಂದು ರಾತ್ರಿಯೇ ತಗ್ಗಿತು. ಬಾಯಿ ಸರಿಯಾಗಿ ತೆರೆಯಲಾಗದಿರುವುದರ ಜೊತೆಗೆ ಜ್ವರವೂ ಇದ್ದುದರಿಂದ ಆ್ಯಂಟಿಬಯಾಟಿಕ್ ಬರೆದರು, ಅವೆರಡೂ ಇಲ್ಲದಿದ್ದರೆ ತೊಳೆಯುವುದೇ ಸಾಕಾಗುತ್ತಿತ್ತು ಎಂದೂ ಹೇಳಿದರು. ಮನೆಯಲ್ಲಿ ಬೆಚ್ಚಗಿನ ಉಪ್ಪುನೀರು ಮತ್ತು ಸೋಂಕುನಿವಾರಕ ದ್ರಾವಣವಾದ 0.2% ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಬೇಕಿತ್ತು. ಈ ದ್ರಾವಣ ಹಲ್ಲಿಗೆ ಕಂದು ಕಲೆ ತರಬಹುದೆಂದು ಅವರು ಮೊದಲೇ ತಿಳಿಸಬೇಕಿತ್ತು. ಕಲೆ ಕಂಡು ಮಗಳು ಗಾಬರಿಯಾಗಿದ್ದಳು.

ಪೂರ್ಣ ದವಡೆಯ ಎಕ್ಸ್‌ರೇಯಲ್ಲಿ ಹಲ್ಲು ಮುಂದಿನ ಹಲ್ಲಿಗೆ ಒರಗಿ ಮಲಗಿರುವುದು ಕಂಡಿತು. ಊತ ಪೂರ್ತಿ ಇಳಿದ ಮೇಲೆ ಸ್ಥಳೀಯ ಅರಿವಳಿಕೆ ಕೊಟ್ಟು ಅದನ್ನು ತೆಗೆದರು. ದವಡೆಯ ನರ ಹತ್ತಿರವಿರುವುದರಿಂದ ತುಟಿಗೆ ಮರಗಟ್ಟುವಿಕೆ ಉಂಟಾಗುವ ಸಣ್ಣ ಸಾಧ್ಯತೆಯನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮುನ್ನವೇ ಕನ್ನಡದಲ್ಲಿ ವಿವರಿಸಿದ್ದರು. ಏಳನೆಯ ದಿನ ಹೊಲಿಗೆ ಬಿಚ್ಚಿದರು.

ಕಾಯುವಿಕೆ ಮಾತ್ರ ದೀರ್ಘ. ಪ್ರತಿ ಭೇಟಿಗೂ ಅರ್ಧ ದಿನ ಮೀಸಲಿಡಬೇಕು. ನುಂಗಲು ಅಥವಾ ಉಸಿರಾಡಲು ಕಷ್ಟವಾಗುತ್ತಿದ್ದರೆ, ಊತ ಕುತ್ತಿಗೆಗೆ ಇಳಿದಿದ್ದರೆ ಇಂಥ ಸಾಲಿನಲ್ಲಿ ನಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಇನ್ನೊಂದು ಬದಿಯ ಬುದ್ಧಿಹಲ್ಲನ್ನೂ ಒಟ್ಟಿಗೇ ಕಿತ್ತುಬಿಡಿ ಎಂದು ನಾನೇ ಕೇಳಿಕೊಂಡೆ. ಅದು ನೇರವಾಗಿ ಬಂದಿದೆ, ಬ್ರಷ್ ತಲುಪುತ್ತಿದೆ, ಮುಟ್ಟುವ ಅಗತ್ಯವಿಲ್ಲ ಎಂದು ವೈದ್ಯೆ ನಿರಾಕರಿಸಿದರು.