ಟಿಳಕವಾಡಿಯ ಬೋರ್ಡಿಲ್ಲದ ಚಹಾದ ಅಂಗಡಿ: ನಮ್ಮ ಹುಡುಗರ ಮ್ಯಾಚ್ ನೋಡೋಕೆ ಇಲ್ಲಿಗೆ ಹೋಗಿ

ಬೆಳಗಾವಿಯಲ್ಲಿ ಭಾರತದ 23 ವರ್ಷದೊಳಗಿನ ಫುಟ್‌ಬಾಲ್ ತಂಡದ ಮ್ಯಾಚನ್ನು ನಾಲ್ಕು ಜನರ ಜೊತೆ ಕೂತು, ಮೊದಲ ವಿಸಿಲ್‌ನಿಂದ ಕೊನೆ ವಿಸಿಲ್‌ವರೆಗೆ ನೋಡಬೇಕು ಅಂದರೆ ನನಗೆ ಗೊತ್ತಿರುವ ಜಾಗ ಒಂದೇ. ಟಿಳಕವಾಡಿಯಲ್ಲಿದೆ. ಲೇಲೆ ಮೈದಾನದಿಂದ ನಡೆದರೆ ಐದು ನಿಮಿಷ. ಬೋರ್ಡಿಲ್ಲ. ಹಳೇ ಹಂಚಿನ ಮನೆಯ ಮುಂದಿನ ಎರಡು ಖೋಲಿ, ಹೊರಗೊಂದು ಕಟ್ಟೆ, ಒಳಗೆ ಆರು ಬೆಂಚು, ಗೋಡೆಗೆ ಒಂದು 43 ಇಂಚಿನ ಟಿವಿ. ಮೈದಾನದಲ್ಲಿ ಆಡುವ ಯಾವ ಹುಡುಗನನ್ನಾದರೂ ‘ಫುಟ್‌ಬಾಲ್ ಕಾಕಾನ ಅಂಗಡಿ ಎಲ್ಲಿ’ ಅಂತ ಕೇಳಿ, ತೋರಿಸುತ್ತಾನೆ.

ನಾನು ಮೊದಲು ಅಲ್ಲಿಗೆ ಹೋಗಿದ್ದು 2025ರ ಸೆಪ್ಟೆಂಬರ್ 3ರಂದು. ಅವತ್ತು ದೋಹಾದಲ್ಲಿ ಭಾರತ ಮತ್ತು ಬಹ್ರೇನ್ ಮ್ಯಾಚ್, 23 ವರ್ಷದೊಳಗಿನವರ ಏಷ್ಯನ್ ಕಪ್ ಅರ್ಹತಾ ಸುತ್ತಿನ ಮೊದಲನೇದು. ಅದಕ್ಕೂ ಮುಂಚೆ ಊರೊಳಗಿನ ಒಂದು ದೊಡ್ಡ ಹೋಟೆಲಿಗೆ ಹೋಗಿದ್ದೆ, ಅಲ್ಲಿ ಮೂರು ದೊಡ್ಡ ಪರದೆ ಇವೆ, ಮೂರರಲ್ಲೂ ಯಾವುದೋ ಹಳೇ ಕ್ರಿಕೆಟ್ ಮ್ಯಾಚಿನ ಹೈಲೈಟ್ಸ್ ಓಡುತ್ತಿತ್ತು. ಒಂದರಲ್ಲಿ ಫುಟ್‌ಬಾಲ್ ಹಾಕ್ತೀರಾ, ಭಾರತದ್ದೇ ಮ್ಯಾಚು ಅಂತ ಕೇಳಿದೆ. ಯಾರ ತಂಡ ಅಂದರು. 23 ವರ್ಷದೊಳಗಿನವರದು ಅಂದೆ. ಹುಡುಗರದಾ ಅಂದುಬಿಟ್ಟು ಹೋದವರು ತಿರುಗಿ ಬರಲೇ ಇಲ್ಲ. ತಿಂಡಿಗೆ ಆರ್ಡರ್ ಕೊಟ್ಟಿರಲಿಲ್ಲ, ಎದ್ದು ಬಂದೆ. ಹೊರಗೆ ಬೈಕ್ ತೆಗೆಯುವಾಗ ಪಾರ್ಕಿಂಗ್ ನೋಡಿಕೊಳ್ಳುವ ಹುಡುಗ ಈ ಅಂಗಡಿ ಹೇಳಿದ. ಅವನಿಗೆ ಇವತ್ತಿಗೂ ಋಣಿ.

ಒಳಗೆ ಕಾಲಿಟ್ಟಾಗ ಕಣ್ಣಿಗೆ ಬಿದ್ದಿದ್ದು ಕರಿ ಹಲಗೆ. ಶಾಲೆಯಲ್ಲಿರುತ್ತಲ್ಲ, ಅಂಥದ್ದೇ. ಎಡಗಡೆ ಅವತ್ತಿನ ತಿಂಡಿ, ಅದರ ಕೆಳಗೆ ಉದ್ರಿ ಲೆಕ್ಕ. ಬಲಗಡೆ ಸೀಮೆಸುಣ್ಣದಲ್ಲಿ ನಾಲ್ಕು ಹೆಸರು: ಕತಾರ್, ಬಹ್ರೇನ್, ಬ್ರೂನೈ, ಭಾರತ. ಮುಂದೆ ಆಟ, ಗೆಲುವು, ಗೋಲು, ಅಂಕ ಅಂತ ಗೆರೆ ಎಳೆದಿದ್ದರು. ಕಾಕಾ ಒಲೆ ಮುಂದೆ ನಿಂತಿದ್ದರು, ಎಪ್ಪತ್ತರ ಹತ್ತಿರ ಇರಬಹುದು, ಸಣ್ಣಗೆ ನೆಟ್ಟಗೆ ಇದ್ದಾರೆ. "ಮ್ಯಾಚ್ ನೋಡಾಕ ಬಂದೀರೇನ್ರಿ? ಮುಂದ ಕುಂಡರ್ರಿ, ಹಿಂದ ಕಾಣಂಗಿಲ್ಲ" ಅಂದರು. ಅಷ್ಟೇ. ಏನು ಬೇಕು ಅಂತ ಕೇಳಿದ್ದು ಹತ್ತು ನಿಮಿಷ ಆದಮೇಲೆ.

ಅವತ್ತು 2-0. ಮೊದಲನೇ ಗೋಲು ಮೊಹಮ್ಮದ್ ಸುಹೇಲ್ ಹೊಡೆದರು, ಎರಡನೇದು ಕೊನೇ ಗಳಿಗೆಯಲ್ಲಿ ಶಿವಾಲ್ದೋ ಸಿಂಗ್. ಒಳಗಿದ್ದವರು ಹದಿನಾರು ಜನ, ಎಣಿಸಿದ್ದೇನೆ. ಅಷ್ಟೂ ಜನರಿಗೆ ಆಟಗಾರರ ಹೆಸರು ಗೊತ್ತಿತ್ತು. ನನಗೆ ಎಷ್ಟು ಖುಷಿ ಆಯಿತು ಅಂದರೆ ಹೇಳೋಕಾಗಲ್ಲ, ಇಷ್ಟು ವರ್ಷ ಈ ಮ್ಯಾಚುಗಳನ್ನೆಲ್ಲ ಒಬ್ಬನೇ ಮೊಬೈಲಿನಲ್ಲಿ, ಇಯರ್‌ಫೋನ್ ಹಾಕ್ಕೊಂಡು, ಹಾಸಿಗೆ ಮೇಲೆ ಕೂತು ನೋಡಿದವನು ನಾನು.

ಇನ್ನು ತಿಂಡಿ. ಚಹಾ 10 ರೂಪಾಯಿ, ಶುಂಠಿ ಜಾಸ್ತಿ, ಸಕ್ಕರೆ ಕಮ್ಮಿ, ಸ್ಟೀಲ್ ಗ್ಲಾಸಿನಲ್ಲಿ ಕೊಡುತ್ತಾರೆ. ಮಿಸಳ್ ಪಾವ್ 50. ಅದನ್ನು ತಗೊಳ್ಳಲೇಬೇಕು. ಅದರೊಳಗಿನ ಉಸಳ, ಅಂದರೆ ಕಾಳಿನ ಪಲ್ಯ, ಮಡಕಿ ಕಾಳಿನದು, ಕಾಳು ಕರಗಿ ಹೋಗಿರುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಮೇಲಿನ ಕೆಂಪು ಎಣ್ಣೆ ನೋಡಿ ಹೆದರಬೇಡಿ, ಖಾರ ನಾಲಿಗೆಗಿಂತ ಗಂಟಲಿಗೆ ಹತ್ತುತ್ತದೆ, ಎರಡು ನಿಮಿಷದಲ್ಲಿ ಇಳಿಯುತ್ತದೆ. ಹಾಫ್ ಟೈಮಿಗೆ ಮಿರ್ಚಿ ಭಜಿ ಬಿಸಿ ಬಿಸಿ ಬರುತ್ತದೆ, ಕಾಕಾ 40ನೇ ನಿಮಿಷಕ್ಕೆ ಸರಿಯಾಗಿ ಎಣ್ಣೆ ಬಾಣಲೆ ಇಡುತ್ತಾರೆ. ಪೂರಿ ಭಾಜಿ ಸಾಧಾರಣ. ಸಿಹಿ ಬೇಕು ಅಂದರೆ ಬರುವಾಗ ಹೊರಗಿಂದ ಕುಂದಾ ಕಟ್ಟಿಸಿಕೊಂಡು ಬನ್ನಿ, ತಿನ್ನೋಕೆ ಅಡ್ಡಿ ಇಲ್ಲ, ಕಾಕಾನಿಗೂ ಒಂದು ತುಂಡು ಕೊಡಿ.

ಸೆಪ್ಟೆಂಬರ್ 6ರ ರಾತ್ರಿಯದು ಹೇಳಲೇಬೇಕು. ಅವತ್ತು ಅನಂತ ಚತುರ್ದಶಿ, ಬೆಳಗಾವಿಯಲ್ಲಿ ಗಣಪತಿ ವಿಸರ್ಜನೆ. ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಕಪಿಲೇಶ್ವರ ಹೊಂಡದ ಕಡೆ ಹೋಗುವ ಮೆರವಣಿಗೆ ಮಾರನೇ ದಿನದವರೆಗೂ ನಡೆಯುತ್ತಲೇ ಇರುತ್ತದೆ. ಅದೇ ರಾತ್ರಿ ನಮ್ಮ ಹುಡುಗರಿಗೆ ಕತಾರ್ ಜೊತೆ ಮ್ಯಾಚು, ಅದೂ ಅವರದೇ ಊರಿನಲ್ಲಿ. ಅಂಗಡಿ ಬಾಗಿಲು ಹಾಕಿರಬಹುದು ಅಂದುಕೊಂಡೇ ಹೋದೆ. ಅರ್ಧ ಬಾಗಿಲು ತೆಗೆದಿತ್ತು, ಒಲೆ ಮೇಲೆ ಚಹಾ ಕುದಿಯುತ್ತಿತ್ತು.

ಕತಾರ್ ಮೊದಲು ಗೋಲು ಹೊಡೆಯಿತು. ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಓಣಿಯ ಮಂಡಳಿಯ ಗಾಡಿ ಸರಿಯಾಗಿ ಅಂಗಡಿ ಮುಂದೆ ಬಂತು. ಡಾಲ್ಬಿ ಸದ್ದಿಗೆ ಬೆಂಚು ನಡುಗುತ್ತಿತ್ತು, ಗ್ಲಾಸಿನೊಳಗಿನ ಚಹಾದ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು. ಟಿವಿ ಮಾತು ಒಂದೂ ಕೇಳಿಸುತ್ತಿರಲಿಲ್ಲ. ಆಗಲೇ ಸುಹೇಲ್ ಗೋಲು ಹೊಡೆದಿದ್ದು! 1-1. ನಾವು ಕೂಗಿದ ಕೂಗಿಗೆ ಮೆರವಣಿಗೆಯಲ್ಲಿದ್ದ ಹುಡುಗರು ಬಾಗಿಲಲ್ಲಿ ಇಣುಕಿದರು, ಮೈತುಂಬ ಗುಲಾಲು, ಕಣ್ಣು ಮಾತ್ರ ಬೆಳ್ಳಗೆ. "ಯಾರ್ದರಿ ಗೋಲು?" ನಮ್ಮದು ಅಂದೆವು. ನಾಲ್ಕು ಜನ ಒಳಗೇ ಬಂದು ಕೂತುಬಿಟ್ಟರು. ಅವರ ಕೈಗುರುತು ಆ ಬೆಂಚಿನ ಮೇಲೆ ಕೆಂಪಗೆ ಎಷ್ಟೋ ದಿನ ಇತ್ತು.

ಆಮೇಲೆ ಆಗಿದ್ದು ಬೇಜಾರು. ನಮ್ಮ ಒಬ್ಬ ಡಿಫೆಂಡರ್‌ಗೆ ಕೆಂಪು ಕಾರ್ಡ್, ಕತಾರ್‌ಗೆ ಪೆನಾಲ್ಟಿ. ಚೆಂಡು ಇಟ್ಟರು, ಅಷ್ಟೊತ್ತಿಗೆ ನೆಟ್ ನಿಂತುಹೋಯಿತು. ವಿಸರ್ಜನೆ ರಾತ್ರಿ ಊರಲ್ಲಿ ಮೊಬೈಲ್ ನೆಟ್ ಹೇಗಿರುತ್ತೆ ಗೊತ್ತಲ್ವಾ, ಕಾಕಾನ ಮೊಮ್ಮಗ ಮೊಬೈಲಿನಿಂದ ಟಿವಿಗೆ ಹಾಕಿದ್ದ. ಪರದೆ ಮೇಲೆ ಆ ಚೆಂಡು, ಬಿಳಿ ಚುಕ್ಕೆ, ನಮ್ಮ ಗೋಲ್‌ಕೀಪರ್, ಹಾಗೇ ನಿಂತಿದ್ದವು. ಯಾರೂ ಮಾತಾಡಲಿಲ್ಲ. ಚಿತ್ರ ಮತ್ತೆ ಓಡಿದಾಗ ಕತಾರಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. 1-2ರಲ್ಲಿ ಸೋತೆವು. ಹತ್ತೇ ಜನ ಉಳಿದರೂ ಹುಡುಗರು ಕೊನೇವರೆಗೂ ಓಡಿದರು, ಅದನ್ನು ಕಣ್ಣಾರೆ ನೋಡಿದ್ದೇನೆ.

ಗುಲಾಲಿನ ಹುಡುಗರಲ್ಲಿ ಒಬ್ಬ, ಹಂಗಾದ್ರ ಮುಗೀತೇನ್ರಿ ಕಾಕಾ ಅಂತ ಕೇಳಿದ. ಕಾಕಾ ಸೀಮೆಸುಣ್ಣ ತಗೊಂಡು ಹಲಗೆ ಹತ್ತಿರ ಹೋದರು. ಒಟ್ಟು 11 ಗುಂಪು. ಗುಂಪಿನಲ್ಲಿ ಮೊದಲು ಬಂದವರು ನೇರ ಒಳಗೆ. ಎರಡನೇ ಸ್ಥಾನದವರಲ್ಲಿ ಚೆನ್ನಾಗಿ ಆಡಿದ ನಾಲ್ಕು ತಂಡಕ್ಕೆ ಜಾಗ. ಟೂರ್ನಿ ನಡೆಸುವ ಸೌದಿ ಅರೇಬಿಯಾ ಸೇರಿ 16. ಇದು 2026ರ ಏಷ್ಯನ್ ಕಪ್ಪಿನದು, ಒಲಿಂಪಿಕ್ಸ್ ಟಿಕೆಟ್ ಇದರಲ್ಲಿ ಇಲ್ಲ. ಆದರೆ 2016, 2020, 2024ರಲ್ಲಿ ಏಷ್ಯಾದಿಂದ ಒಲಿಂಪಿಕ್ಸಿಗೆ ಯಾರು ಹೋಗಬೇಕು ಅಂತ ತೀರ್ಮಾನ ಆಗಿದ್ದು ಇದೇ ಟೂರ್ನಿಯಲ್ಲಿ. ನಾವು ಈ ಟೂರ್ನಿಗೆ ಒಂದು ಸಲವೂ ಹೋಗಿಲ್ಲ. "ಮನಿ ಒಳಗ ಕಾಲ ಇಡದ ಅಟ್ಟಾ ಹೆಂಗ ಹತ್ತತಿ?" ಅಂದರು ಕಾಕಾ. ಆ ಹುಡುಗನಿಗೆ ಅರ್ಥ ಆಯಿತು. ನಾನು ಎಷ್ಟೋ ಕಡೆ ಎಷ್ಟೋ ಓದಿದ್ದರೂ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ 9, ಬ್ರೂನೈ ಮೇಲೆ 6-0. ವಿಬಿನ್ ಮೋಹನನ್ ಮೂರು, ಮೊಹಮ್ಮದ್ ಐಮನ್ ಎರಡು, ಆಯುಷ್ ಛೇತ್ರಿ ಒಂದು. ಮ್ಯಾಚ್ ಮುಗಿದಮೇಲೂ ಯಾರೂ ಏಳಲಿಲ್ಲ, ಬೇರೆ ಗುಂಪುಗಳ ಫಲಿತಾಂಶ ನೋಡಬೇಕಿತ್ತು. ಮೂರು ಮ್ಯಾಚಿನಲ್ಲಿ 6 ಅಂಕ, 9 ಗೋಲು ಹೊಡೆದು 2 ಬಿಟ್ಟುಕೊಟ್ಟಿದ್ದರು, ಆದರೂ ಆ ನಾಲ್ಕರಲ್ಲಿ ನಾವಿರಲಿಲ್ಲ. ಕೋಚ್ ನೌಷಾದ್ ಮೂಸಾ ನಮ್ಮ ಬೆಂಗಳೂರು ಎಫ್‌ಸಿಯಲ್ಲಿ ಕೋಚ್ ಆಗಿದ್ದವರು, ಅವರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಈ ತಂಡ ಚೆಂಡು ಇಟ್ಟುಕೊಂಡು ಆಡಿತು, ಹೆದರಿ ಹಿಂದೆ ಕೂತು ಆಡಲಿಲ್ಲ.

ಈ ಅಂಗಡಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ಸೋತಾಗ ಯಾರೂ ‘ನಮ್ಮವರ ಹಣೇಬರಹವೇ ಇಷ್ಟು’ ಅನ್ನುವುದಿಲ್ಲ. ಇಂಡೋನೇಷ್ಯಾ ಕಡೆ ಬೆರಳು ತೋರಿಸುತ್ತಾರೆ. ಅವರು 2024ರಲ್ಲಿ ಮೊದಲ ಸಲ ಈ ಟೂರ್ನಿಗೆ ಹೋದರು, ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಪೆನಾಲ್ಟಿಯಲ್ಲಿ ಸೋಲಿಸಿದರು, ನಾಲ್ಕನೆಯವರಾಗಿ ಆಫ್ರಿಕಾದ ಗಿನಿ ಜೊತೆ ಪ್ಲೇ ಆಫ್ ಆಡಿ 0-1ರಲ್ಲಿ ಸೋತರು. ಪ್ಯಾರಿಸ್ ಒಲಿಂಪಿಕ್ಸಿಗೆ ಒಂದೇ ಒಂದು ಮ್ಯಾಚ್ ಬಾಕಿ ಇತ್ತು ಅವರಿಗೆ. ಕೊರಿಯಾದವರು 1988ರಿಂದ ಒಂದು ಒಲಿಂಪಿಕ್ಸನ್ನೂ ತಪ್ಪಿಸಿಕೊಂಡಿರಲಿಲ್ಲ, ಅಂಥವರನ್ನು ಹೊರಗೆ ಹಾಕಿದರು.

ನಾವೂ ಒಂದು ಕಾಲದಲ್ಲಿ ಒಲಿಂಪಿಕ್ಸಿಗೆ ಹೋದವರೇ. ಕಾಕಾ ಅದನ್ನೂ ಬಿಡುವುದಿಲ್ಲ. 1948ರಲ್ಲಿ ಲಂಡನ್‌ನಲ್ಲಿ ಫ್ರಾನ್ಸ್ ಎದುರು ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದು, ಸಿಕ್ಕ ಎರಡು ಪೆನಾಲ್ಟಿ ಹಾಳುಮಾಡಿಕೊಂಡು 1-2ರಲ್ಲಿ ಸೋತಿದ್ದು, ಆ ಒಂದು ಗೋಲು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದಿದ್ದು. 1956ರಲ್ಲಿ ಮೆಲ್ಬರ್ನ್‌ನಲ್ಲಿ ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ಮೇಲೆ ಮೂರು ಗೋಲು ಹೊಡೆದು, ನಾವು ನಾಲ್ಕನೇ ಸ್ಥಾನಕ್ಕೆ ಬಂದಿದ್ದು. 1960ರ ರೋಮ್ ಕೊನೆ. ಆಮೇಲೆ ಇಲ್ಲ. ಇದನ್ನು ಹೇಳುವಾಗ ಅವರ ಕೈಯಲ್ಲಿ ಚಹಾ ಸೋಸುವ ಬಟ್ಟೆ ಇರುತ್ತದೆ, ಹೇಳಿ ಮುಗಿಯುವವರೆಗೂ ಅದನ್ನು ಹಿಂಡುತ್ತಲೇ ಇರುತ್ತಾರೆ.

ಕೊರತೆ ಇಲ್ಲ ಅಂತಲ್ಲ. ನೆಟ್ ಕೈಕೊಡುತ್ತದೆ, ಒಂದು ಬ್ರಾಡ್‌ಬ್ಯಾಂಡ್ ಹಾಕಿಸಿದರೆ ಎಷ್ಟೋ ಒಳ್ಳೇದು, ನಾವು ಕೆಲವರು ದುಡ್ಡು ಕೂಡಿಸಿ ಕೊಡುತ್ತೇವೆ ಅಂತಲೂ ಹೇಳಿದ್ದೇವೆ. ಹಿಂದಿನ ಎರಡು ಬೆಂಚಿಗೆ ಕಂಬ ಅಡ್ಡ ಬರುತ್ತದೆ. ಫ್ಯಾನ್ ಒಂದೇ. ಬಾತ್‌ರೂಮ್ ಇಲ್ಲ, ಹೆಣ್ಣುಮಕ್ಕಳಿಗೆ ಅದು ಕಷ್ಟ, ನನ್ನ ತಂಗಿ ಫುಟ್‌ಬಾಲ್ ಅಂದರೆ ಜೀವ ಬಿಡುತ್ತಾಳೆ, ಅದೊಂದೇ ಕಾರಣಕ್ಕೆ ಎರಡನೇ ಸಲ ಬರಲಿಲ್ಲ. ಇದನ್ನು ಕಾಕಾನಿಗೆ ನೇರವಾಗಿ ಹೇಳಿದೆ. ಒಳಮನೆಯದನ್ನು ತೆರೆದುಕೊಡುತ್ತೇನೆ, ಮುಂದಿನ ಸಲ ಕರಕೊಂಡು ಬಾ ಅಂದರು. ಮಳೆಗಾಲದಲ್ಲಿ ಹಂಚು ಸೋರುತ್ತದೆ, ಬಾಗಿಲ ಪಕ್ಕದ ಬೆಂಚು ಬಿಟ್ಟು ಕೂರಿ. ಹಣ ಫೋನ್‌ನಲ್ಲೂ ಕೊಡಬಹುದು, ಆದರೆ ಚಿಲ್ಲರೆ ಕೊಟ್ಟರೆ ಅವರಿಗೆ ಅನುಕೂಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದಿದ್ದು ನೆಟ್ಟಿಗೂ ಬಾತ್‌ರೂಮಿಗೂ.

ಈಗ ಹಲಗೆಯ ಬಲಗಡೆ 2028 ಅಂತ ಬರೆದಿದೆ. ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಗಂಡಸರ ತಂಡ 12 ಮಾತ್ರ, ಪ್ಯಾರಿಸ್‌ನಲ್ಲಿ 16 ಇದ್ದವು, ದಾರಿ ಇನ್ನೂ ಕಿರಿದಾಗಿದೆ. ಅದರ ಕೆಳಗೆ ಆಟಗಾರರ ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷ. 2005 ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಆಗ ಅವಕಾಶ, ಒಲಿಂಪಿಕ್ಸಿಗೆ ಹೋದರೆ ಮೂರು ಜನ ದೊಡ್ಡವರನ್ನು ಸೇರಿಸಿಕೊಳ್ಳಬಹುದು. ವಿಬಿನ್ 2003ರವರು, ಅವರ ಹೆಸರಿನ ಮೇಲೆ ಕಾಕಾ ಗೆರೆ ಎಳೆದಿದ್ದಾರೆ, ಅಳಿಸಿಲ್ಲ. ಕೆಳಗೆ ಬೇಕಂತಲೇ ಜಾಗ ಖಾಲಿ ಬಿಟ್ಟಿದ್ದಾರೆ. ಲೇಲೆ ಮೈದಾನದಿಂದ ಬೆವರು ಒರೆಸಿಕೊಂಡು ಚುರಮುರಿ ತಿನ್ನೋಕೆ ಬರುವ ಹುಡುಗರು ಆ ಖಾಲಿ ಜಾಗದ ಎದುರಿಗೇ ಕೂರುತ್ತಾರೆ.

ಬೆಳಿಗ್ಗೆ 6ಕ್ಕೆ ತೆರೆಯುತ್ತಾರೆ, ಸೋಮವಾರ ರಜೆ. ಮ್ಯಾಚ್ ಇದ್ದರೆ ಸೋಮವಾರವೂ ತೆಗೆದಿರುತ್ತದೆ. ಅರ್ಧ ಗಂಟೆ ಮುಂಚೆ ಹೋಗಿ, ಮುಂದಿನ ಬೆಂಚು ಸಿಗುತ್ತದೆ.